ಸರ್ಕಾರಿ ಕಟ್ಟಡಗಳ ಚಾವಣಿ: ತಗಡಿನ ಮಾರಾಟವೋ, ಕಾಮಗಾರಿಯ ಗುತ್ತಿಗೆಯೋ?

ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ತಗಡಿನ ಚಾವಣಿ ಹೊಸದಲ್ಲ. ಗಣಿಯ ಕಾರ್ಯಾಗಾರಗಳಲ್ಲಿಯೂ, 1964ರಲ್ಲಿ ಸ್ಥಾಪನೆಗೊಂಡ ಬೆಮಲ್ ಸಂಸ್ಥೆಯ ಘಟಕದಲ್ಲಿಯೂ ಬೆಸುಗೆ, ಫಿಟ್ಟಿಂಗ್ ಮತ್ತು ಉಕ್ಕಿನ ಕಟ್ಟೋಣದ ಕೆಲಸ ಕಲಿತ ಕುಶಲಕರ್ಮಿಗಳು ಈ ಭಾಗದಲ್ಲಿ ಹಲವರಿದ್ದಾರೆ. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು 2001ರ ಫೆಬ್ರವರಿ 28ರಂದು ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಅವರಲ್ಲಿ ಬಹುಮಂದಿ ದಿನಬೆಳಗಾದರೆ ಬೆಂಗಳೂರಿನ ರೈಲು ಹತ್ತುವವರಾದರು. ಊರಿನಲ್ಲಿಯೇ ಉಳಿದು ವ್ಯಾಪಾರ ಅಥವಾ ಸಣ್ಣ ಫ್ಯಾಬ್ರಿಕೇಶನ್ ಘಟಕ ನಡೆಸುವವರಿಗೆ ಶಾಲೆ, ಅಂಗನವಾಡಿ, ಮಾರುಕಟ್ಟೆ ಪ್ರಾಂಗಣ, ನಗರಸಭೆಯ ಕಟ್ಟಡ, ರೈಲ್ವೆ ಪ್ಲಾಟ್‌ಫಾರಂನ ನೆರಳು ಇತ್ಯಾದಿ ಸರ್ಕಾರಿ ಚಾವಣಿಗಳು ಸಹಜವಾಗಿಯೇ ಒಂದು ಮಾರುಕಟ್ಟೆ. ಆದರೆ ಕೈಯಲ್ಲಿ ಕೆಲಸ ಬಲ್ಲವರು ಟೆಂಡರಿನ ಕಾಗದದಲ್ಲಿ ಸೋಲುವುದು ಮತ್ತೆ ಮತ್ತೆ ಕಂಡುಬರುತ್ತದೆ.

ಸೋಲಿನ ಮೂಲವನ್ನು ಹುಡುಕುತ್ತ ಹೋದರೆ ಬಹುಪಾಲು ಪ್ರಕರಣಗಳಲ್ಲಿ ಒಂದೇ ಪ್ರಶ್ನೆಗೆ ಬಂದು ನಿಲ್ಲಬೇಕಾಗುತ್ತದೆ. ವರ್ತಕರು ಸರ್ಕಾರಕ್ಕೆ ಒದಗಿಸುತ್ತಿರುವುದು ತಗಡನ್ನೋ, ಚಾವಣಿಯನ್ನೋ? ತಗಡನ್ನು ತಂದು ಇಲಾಖೆಯ ಉಗ್ರಾಣದಲ್ಲಿ ಇಳಿಸಿದರೆ ಅದು ಸರಕಿನ ಮಾರಾಟ. ಅದೇ ತಗಡನ್ನು ಟ್ರಸ್ ಮತ್ತು ಪರ್ಲಿನ್‌ಗಳ ಮೇಲೆ ಹೊದಿಸಿ, ಸ್ಕ್ರೂ ಬಿಗಿದು, ರಿಡ್ಜ್ ಹಾಗೂ ನೀರಿನ ದೋಣಿ ಕೂರಿಸಿ ಕಟ್ಟಡವನ್ನು ಒಪ್ಪಿಸಿದರೆ ಅದು ಕಾಮಗಾರಿ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 2(119)ನೇ ಕಲಮಿನ ವ್ಯಾಖ್ಯೆಯಂತೆ ಸ್ಥಿರಾಸ್ತಿಗೆ ಸಂಬಂಧಿಸಿದ ಇಂತಹ ಕೆಲಸವು ವರ್ಕ್ಸ್ ಕಾಂಟ್ರಾಕ್ಟ್ ಎನಿಸುತ್ತದೆ. ಈ ಒಂದು ಭೇದದ ಮೇಲೆ ಸಣ್ಣ ಉದ್ದಿಮೆಗೆ ದೊರೆಯುವ ರಿಯಾಯಿತಿ, ಬಿಲ್ಲಿನಲ್ಲಾಗುವ ಕಡಿತ, ಹಣ ತಡವಾದರೆ ಕೇಳಬಹುದಾದ ಪರಿಹಾರ ಇವೆಲ್ಲವೂ ನಿಂತಿವೆ. ದರ ಬರೆಯುವ ಮುನ್ನವೇ ಇದನ್ನು ನಿಶ್ಚಯಿಸಿಕೊಳ್ಳುವುದು ಅವಶ್ಯ.

ಖರೀದಿದಾರರು ಯಾರು?

ಈ ಭಾಗದಲ್ಲಿ ಸರ್ಕಾರಿ ಖರೀದಿದಾರರು ಎರಡು ಬಗೆ. ರಾಬರ್ಟ್‌ಸನ್‌ಪೇಟೆ ನಗರಸಭೆ, ಬಂಗಾರಪೇಟೆ ಪುರಸಭೆ, ಲೋಕೋಪಯೋಗಿ ಇಲಾಖೆ, ಜಿಲ್ಲಾ ಪಂಚಾಯಿತಿಯ ಎಂಜಿನಿಯರಿಂಗ್ ವಿಭಾಗ ಮೊದಲಾದವು ರಾಜ್ಯದ ವ್ಯಾಪ್ತಿಯವು. ಇವಕ್ಕೆ 2000ದ ಅಕ್ಟೋಬರಿನಿಂದ ಜಾರಿಯಲ್ಲಿರುವ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಅನ್ವಯಿಸುತ್ತದೆ. ಟೆಂಡರುಗಳು ಕೆ.ಪಿ.ಪಿ.ಪಿ. ಎಂದು ಕರೆಯಲಾಗುವ ರಾಜ್ಯದ ಸಂಗ್ರಹಣಾ ಪೋರ್ಟಲ್ ಮೂಲಕ ನಡೆಯುತ್ತವೆ. ಬೆಮಲ್ ಮತ್ತು ರೈಲ್ವೆ ಕೇಂದ್ರದ ವ್ಯಾಪ್ತಿಯವು. ಅಲ್ಲಿ 2017ರ ಸಾಮಾನ್ಯ ಹಣಕಾಸು ನಿಯಮಗಳು, 2016ರಲ್ಲಿ ಆರಂಭವಾದ ಜೆಮ್ ಪೋರ್ಟಲ್, ರೈಲ್ವೆಯದೇ ಆದ ಐ.ಆರ್.ಇ.ಪಿ.ಎಸ್. ಪೋರ್ಟಲ್ ಮುಂತಾದವು ಬರುತ್ತವೆ. ಸಾರ್ವಜನಿಕ ವಲಯದ ಸಂಸ್ಥೆಗಳಿಗೆ ಅವರವರ ಖರೀದಿ ಕೈಪಿಡಿಗಳೂ ಉಂಟು. ಬಂಗಾರಪೇಟೆಯ ರೈಲ್ವೆ ನಿಲ್ದಾಣಕ್ಕೂ ಅದರ ಎದುರಿನ ಪುರಸಭೆಯ ಅಂಗಡಿ ಸಾಲಿಗೂ ಒಂದೇ ಬಗೆಯ ತಗಡು ಹೊದಿಸಬಹುದು. ಆದರೆ ಎರಡರ ನಿಯಮಾವಳಿ ಬೇರೆ ಬೇರೆ.

ಮೂರನೆಯದಾಗಿ, ನಿರ್ಮಿತಿ ಕೇಂದ್ರ ಹಾಗೂ ಕೆ.ಆರ್.ಐ.ಡಿ.ಎಲ್. ನಂತಹ ಸಂಸ್ಥೆಗಳು ರಾಜ್ಯ ಕಾಯ್ದೆಯ 4(ಜಿ) ವಿನಾಯಿತಿಯಡಿ ಟೆಂಡರಿಲ್ಲದೆ ನೇರವಾಗಿ ಕಾಮಗಾರಿ ಪಡೆದಿರುವ ಉದಾಹರಣೆಗಳಿವೆ. ಅಂತಹ ಕಡೆ ಸ್ಥಳೀಯ ವರ್ತಕರಿಗೆ ಉಳಿಯುವುದು ಸಾಮಗ್ರಿ ಸರಬರಾಜಿನ ಅವಕಾಶ ಮಾತ್ರ. ಇದು ನ್ಯಾಯವೇ ಎಂಬುದು ಬೇರೆ ಚರ್ಚೆ.

ಸಣ್ಣ ಉದ್ದಿಮೆಯ ರಿಯಾಯಿತಿ ಯಾರಿಗೆ?

ಕೇಂದ್ರ ಸರ್ಕಾರದ 2012ರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸಾರ್ವಜನಿಕ ಖರೀದಿ ನೀತಿಯ ಹೆಸರನ್ನು ಕೇಳದ ಉದ್ಯಮಿಗಳಿಲ್ಲ. ಕೇಂದ್ರದ ಇಲಾಖೆಗಳು ಮತ್ತು ಸಾರ್ವಜನಿಕ ವಲಯದ ಸಂಸ್ಥೆಗಳು ತಮ್ಮ ವಾರ್ಷಿಕ ಖರೀದಿಯ ಕನಿಷ್ಠ ಶೇಕಡಾ 25ರಷ್ಟನ್ನು ಇಂತಹ ಉದ್ದಿಮೆಗಳಿಂದ ಮಾಡಬೇಕು. ಇದರೊಳಗೆ ಶೇಕಡಾ 4 ಪರಿಶಿಷ್ಟ ಜಾತಿ ಮತ್ತು ಪಂಗಡದವರ, ಶೇಕಡಾ 3 ಮಹಿಳೆಯರ ಉದ್ದಿಮೆಗಳಿಗೆ ಮೀಸಲು. ಟೆಂಡರ್ ಫಾರಂ ಉಚಿತ, ಇ.ಎಂ.ಡಿ. ಠೇವಣಿಯಿಂದ ವಿನಾಯಿತಿ ಉಂಟು. ಅತಿ ಕಡಿಮೆ ದರ ಕೊಟ್ಟವರು ದೊಡ್ಡ ಉದ್ದಿಮೆಯಾಗಿದ್ದು, ಸಣ್ಣ ಉದ್ದಿಮೆಯ ದರವು ಅದಕ್ಕಿಂತ ಶೇಕಡಾ 15ರ ಮಿತಿಯೊಳಗಿದ್ದರೆ, ಕಡಿಮೆ ದರಕ್ಕೆ ಇಳಿದು ಒಂದು ಪಾಲನ್ನು ಸರಬರಾಜು ಮಾಡುವ ಅವಕಾಶವೂ ಸಿಗುತ್ತದೆ.

ಈ ಕೊನೆಯ ಅಂಶವನ್ನು ಅನೇಕರು ತಪ್ಪಾಗಿ ಗ್ರಹಿಸುತ್ತಾರೆ. ದೊಡ್ಡ ಕಂಪನಿಯು ಚದರ ಮೀಟರಿಗೆ 500 ರೂಪಾಯಿ ಬರೆದು, ಸಣ್ಣ ಘಟಕವು 570 ರೂಪಾಯಿ ಬರೆದಿದೆಯೆಂದು ಭಾವಿಸೋಣ. ಮಿತಿ 575 ಆದ್ದರಿಂದ ಸಣ್ಣ ಘಟಕಕ್ಕೆ ಅವಕಾಶವಿದೆ. ಆದರೆ ಅದು ಸರಬರಾಜು ಮಾಡಬೇಕಾದುದು 500 ರೂಪಾಯಿಗೇ ಹೊರತು 570ಕ್ಕಲ್ಲ. ಹೆಚ್ಚಿನ ದರ ಪಡೆಯುವ ಹಕ್ಕು ಇದಲ್ಲ, ಸರಿಸಮ ದರಕ್ಕೆ ಬರುವ ಹಕ್ಕು ಮಾತ್ರ. 500 ರೂಪಾಯಿಗೆ ನಷ್ಟವಾಗುವುದಾದರೆ ಅವಕಾಶವನ್ನು ಬಿಟ್ಟುಕೊಡುವುದೇ ಲೇಸು.

ಅದಕ್ಕಿಂತ ಮುಖ್ಯವಾದುದು ಮತ್ತೊಂದು. ಈ ನೀತಿಯು ಉದ್ದಿಮೆಯು ತಾನೇ ಉತ್ಪಾದಿಸಿದ ಸರಕು ಹಾಗೂ ತಾನೇ ಸಲ್ಲಿಸಿದ ಸೇವೆಗೆ ಮಾತ್ರ ಅನ್ವಯಿಸುತ್ತದೆ. ವರ್ತಕರು, ವಿತರಕರು, ಏಜೆಂಟರು ಮತ್ತು ವರ್ಕ್ಸ್ ಕಾಂಟ್ರಾಕ್ಟ್ ಇದರ ಹೊರಗೆ ಎಂದು ಸಂಬಂಧಪಟ್ಟ ಸಚಿವಾಲಯವು ಸ್ಪಷ್ಟಪಡಿಸಿದೆ. 2021ರ ಜುಲೈ 2ರಂದು ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಗೆ ಅನುಮತಿ ದೊರೆತದ್ದು ನಿಜ. ಆದರೆ ಆ ಸೌಲಭ್ಯವು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಹೀಗಾಗಿ ಬೇರೆ ಕಂಪನಿಯ ತಗಡನ್ನು ತಂದು ಮಾರುವ ವರ್ತಕರು ಉದ್ಯಮ್ ಪ್ರಮಾಣಪತ್ರವನ್ನು ಲಗತ್ತಿಸಿ, ಇ.ಎಂ.ಡಿ. ಕಟ್ಟದೆ ಬಿಡ್ ಸಲ್ಲಿಸಿದರೆ ತಾಂತ್ರಿಕ ಹಂತದಲ್ಲಿಯೇ ತಿರಸ್ಕೃತರಾಗುತ್ತಾರೆ. ದರದ ಲಕೋಟೆ ತೆರೆಯುವುದೇ ಇಲ್ಲ.

ಉಕ್ಕಿನ ಕಾಯಿಲ್ ಕೊಂಡು ತಮ್ಮ ಯಂತ್ರದಲ್ಲಿ ಪ್ರೊಫೈಲ್ ಮಾಡುವ ಘಟಕಗಳ ಸ್ಥಿತಿ ಬೇರೆ. ಅವು ಉತ್ಪಾದಕರೆಂದು ಹೇಳಿಕೊಳ್ಳಬಹುದು. ಆದರೆ ಉದ್ಯಮ್ ನೋಂದಣಿಯಲ್ಲಿ ಚಟುವಟಿಕೆಯು ಉತ್ಪಾದನೆಯೆಂದೂ, ಸಂಕೇತ ಸಂಖ್ಯೆಯು ಕಟ್ಟಡದ ಲೋಹ ಸಾಮಗ್ರಿಗಳ ತಯಾರಿಕೆಗೆ ಸಂಬಂಧಿಸಿದ 2511ರ ಗುಂಪಿನದೆಂದೂ ನಮೂದಾಗಿರಬೇಕು. ಕೇವಲ 46 ಅಥವಾ 47ರಿಂದ ಆರಂಭವಾಗುವ ವ್ಯಾಪಾರದ ಸಂಕೇತವಿದ್ದರೆ ಯಂತ್ರವಿದ್ದೂ ವರ್ತಕರೆಂದೇ ಪರಿಗಣಿತರಾಗುವ ಅಪಾಯವಿದೆ. ತಿದ್ದುಪಡಿಯನ್ನು ಬಿಡ್ ಸಲ್ಲಿಸುವ ಮೊದಲೇ ಮಾಡಿಸಿಕೊಳ್ಳತಕ್ಕದ್ದು. 2025ರ ಏಪ್ರಿಲ್ 1ರಿಂದ ಸೂಕ್ಷ್ಮ ಉದ್ದಿಮೆಯ ವಹಿವಾಟಿನ ಮಿತಿ 10 ಕೋಟಿಗೂ, ಸಣ್ಣ ಉದ್ದಿಮೆಯದು 100 ಕೋಟಿಗೂ ಏರಿದೆ. ಯಂತ್ರೋಪಕರಣಗಳ ಹೂಡಿಕೆಯ ಮಿತಿ ಕ್ರಮವಾಗಿ 2.5 ಕೋಟಿ ಮತ್ತು 25 ಕೋಟಿ. ಈ ಭಾಗದ ಬಹುಪಾಲು ಘಟಕಗಳು ಸುಲಭವಾಗಿ ಇದರೊಳಗೆ ಬರುತ್ತವೆ.

ಕೇಂದ್ರದ ಈ ವಿನಾಯಿತಿ ನಗರಸಭೆಯ ಅಥವಾ ಲೋಕೋಪಯೋಗಿ ಇಲಾಖೆಯ ಟೆಂಡರಿನಲ್ಲಿ ತಾನಾಗಿಯೇ ದೊರೆಯುವುದಿಲ್ಲ. ಅಲ್ಲಿ ಟೆಂಡರ್ ದಾಖಲೆಯಲ್ಲಿ ಏನು ಬರೆದಿದೆಯೋ ಅದೇ ಪ್ರಮಾಣ.

ತಗಡಿನ ದಪ್ಪ, ಹೊದಿಕೆ, ಅಳತೆ

ಸರ್ಕಾರಿ ಚಾವಣಿಯ ವಿಷಯದಲ್ಲಿ ನಿಯಮಗಳು ಬಿಗಿಯಾಗಿರುವುದಕ್ಕೆ ಕಾರಣವಿದೆ. ನೆರೆಯ ತಮಿಳುನಾಡಿನ ಕುಂಭಕೋಣದಲ್ಲಿ 2004ರ ಜುಲೈ 16ರಂದು ಶಾಲೆಯೊಂದರ ಸೋಗೆಯ ಚಾವಣಿಗೆ ಬೆಂಕಿ ಹತ್ತಿ 94 ಮಕ್ಕಳು ಅಸುನೀಗಿದರು. ಆ ದುರಂತದ ಹಿನ್ನೆಲೆಯಲ್ಲಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲಾ ಕಟ್ಟಡಗಳ ಸುರಕ್ಷತೆಯ ಬಗ್ಗೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪಾಲನೆಯೂ ಸೇರಿದಂತೆ ನಿರ್ದೇಶನಗಳನ್ನು ನೀಡಿತು. ಮಾನದಂಡವನ್ನು ಕೇವಲ ಕಾಗದದ ಕಿರುಕುಳವೆಂದು ಭಾವಿಸುವವರು ಇದನ್ನು ನೆನೆಯಬೇಕು.

ಸತು ಲೇಪಿತ ತಗಡಿಗೆ ಐ.ಎಸ್. 277, ಅದರ ಮೇಲೆ ಬಣ್ಣ ಲೇಪಿಸಿದುದಕ್ಕೆ ಐ.ಎಸ್. 14246, ಅಲ್ಯೂಮಿನಿಯಂ-ಸತು ಮಿಶ್ರಲೋಹ ಲೇಪಿತ ತಗಡಿಗೆ ಐ.ಎಸ್. 15961, ಅದರ ಬಣ್ಣದ ರೂಪಕ್ಕೆ ಐ.ಎಸ್. 15965 ಎಂಬ ಭಾರತೀಯ ಮಾನಕಗಳಿವೆ. ಉಕ್ಕಿನ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ ಇಂತಹ ತಗಡು ಬಿ.ಐ.ಎಸ್. ಗುರುತು ಹೊಂದಿರಬೇಕು. ಪರವಾನಗಿ ಇರುವುದು ಕಾಯಿಲ್ ತಯಾರಿಸಿದ ಉಕ್ಕಿನ ಕಾರ್ಖಾನೆಗೆ. ಹೀಗಾಗಿ ಕಾಯಿಲ್‌ನ ಸಂಖ್ಯೆ, ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರ, ಖರೀದಿಯ ಬಿಲ್ಲು ಮತ್ತು ಸರ್ಕಾರಕ್ಕೆ ಕೊಟ್ಟ ಬಿಲ್ಲು ಒಂದಕ್ಕೊಂದು ಕೊಂಡಿಯಂತೆ ಹೊಂದಬೇಕು. ಇಲ್ಲಿಂದಷ್ಟು ಅಲ್ಲಿಂದಷ್ಟು ತಂದ ದಾಸ್ತಾನಿನಿಂದ ಸರಬರಾಜು ಮಾಡುವವರಿಗೆ ಈ ಕೊಂಡಿ ಕೂಡಿಬರುವುದು ಕಷ್ಟ.

ದಪ್ಪದ ವಿಷಯದಲ್ಲಿ ವ್ಯಾಪಾರದ ಭಾಷೆಗೂ ಟೆಂಡರಿನ ಭಾಷೆಗೂ ವ್ಯತ್ಯಾಸವಿದೆ. ಟಿ.ಸಿ.ಟಿ. ಎಂದರೆ ಲೇಪನವೂ ಸೇರಿದ ಒಟ್ಟು ದಪ್ಪ; ಬಿ.ಎಂ.ಟಿ. ಎಂದರೆ ಒಳಗಿನ ಉಕ್ಕಿನ ದಪ್ಪ ಮಾತ್ರ. ಎ.ಝಡ್. 150 ಎಂಬ ಲೇಪನದಲ್ಲಿ ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಲೋಹವಿರುತ್ತದೆ. ಇದೊಂದೇ ಸುಮಾರು 0.04 ಮಿ.ಮೀ. ಆಗುತ್ತದೆ, ಬಣ್ಣದ್ದು ಬೇರೆ. ಆದ್ದರಿಂದ ಒಟ್ಟು 0.45 ಮಿ.ಮೀ. ಇರುವ ತಗಡಿನಲ್ಲಿ ಉಕ್ಕು ಹೆಚ್ಚೆಂದರೆ 0.40ರ ಆಸುಪಾಸು. ಟೆಂಡರಿನಲ್ಲಿ ಬಿ.ಎಂ.ಟಿ. 0.45 ಎಂದಿದ್ದು, ವರ್ತಕರು ಟಿ.ಸಿ.ಟಿ. 0.45ರ ದರ ಬರೆದಿದ್ದರೆ ಫಲಿತಾಂಶವೇನು? ಒಂದು ಚದರ ಮೀಟರ್ ಉಕ್ಕಿನ ತೂಕ ಪ್ರತಿ ಮಿ.ಮೀ. ದಪ್ಪಕ್ಕೆ 7.85 ಕಿಲೋ. ಅಂದರೆ 0.45ಕ್ಕೆ 3.53 ಕಿಲೋ, 0.40ಕ್ಕೆ 3.14 ಕಿಲೋ. 1,000 ಚದರ ಮೀಟರಿಗೆ 390 ಕಿಲೋ ಉಕ್ಕು ವ್ಯತ್ಯಾಸ ಬರುತ್ತದೆ. ಮೈಕ್ರೋಮೀಟರ್ ಹಿಡಿದ ತಪಾಸಣಾಧಿಕಾರಿಯು ಇಡೀ ಸರಕನ್ನು ಹಿಂದಿರುಗಿಸಿದರೆ ಲಾರಿಯ ಎರಡು ಬಾಡಿಗೆಯೂ ವರ್ತಕರದೇ.

ಅಳತೆಯದು ಇನ್ನೊಂದು ಬಲೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟತೆಗಳಂತೆ ಚಾವಣಿಯನ್ನು ಹೊದಿಸಿದ ಮೇಲೆ ಕಾಣುವ ವಿಸ್ತೀರ್ಣವನ್ನು ಮಾತ್ರ ಅಳೆಯಲಾಗುತ್ತದೆ. ಒಂದರ ಮೇಲೊಂದು ಬರುವ ಭಾಗಕ್ಕಾಗಲಿ, ತಗಡಿನ ಏರಿಳಿತಕ್ಕಾಗಲಿ ಬೇರೆ ಹಣವಿಲ್ಲ. ಒಟ್ಟು ಅಗಲ 1,070 ಮಿ.ಮೀ., ಹೊದಿಕೆಯ ಅಗಲ 1,015 ಮಿ.ಮೀ. ಇರುವ ತಗಡನ್ನು ತೆಗೆದುಕೊಳ್ಳೋಣ. ಪ್ರತಿ 6 ಮೀಟರಿಗೊಮ್ಮೆ 150 ಮಿ.ಮೀ. ತುದಿಯ ಮೇಲ್ಹೊದಿಕೆ ಬರುತ್ತದೆಂದು ಇಟ್ಟುಕೊಂಡರೆ, 1,000 ಚದರ ಮೀಟರ್ ಚಾವಣಿಗೆ ಸುಮಾರು 1,080 ಚದರ ಮೀಟರ್ ತಗಡು ಬೇಕು. ತುಂಡು, ಸವಕಳಿ ಇದರ ಮೇಲೆ. ಸರಕಾಗಿ ಮಾರಿದರೆ 1,080ಕ್ಕೂ ಬಿಲ್ಲು ಬರೆಯಬಹುದು. ಚಾವಣಿಯಾಗಿ ಒಪ್ಪಿಸಿದರೆ ಅಳತೆ ಪುಸ್ತಕದಲ್ಲಿ ನಮೂದಾಗುವುದು 1,000 ಮಾತ್ರ. ಶೇಕಡಾ 8ರ ಈ ಅಂತರವು ಕೆಲವರ ಸಂಪೂರ್ಣ ಲಾಭಾಂಶಕ್ಕೆ ಸಮ. ಸ್ಕ್ರೂ, ವಾಷರ್, ಸೀಲಂಟ್, ರಿಡ್ಜ್ ತುಂಡುಗಳು ದರದಲ್ಲಿ ಅಡಕವೋ, ಪ್ರತ್ಯೇಕ ಬಾಬೋ ಎಂಬುದನ್ನೂ ಬಾಬಿನ ವಿವರಣೆಯಲ್ಲಿ ಓದಿಯೇ ದರ ಹಾಕಬೇಕು.

ಅರ್ಹತೆಯ ಲೆಕ್ಕ

ಕಾಮಗಾರಿಯ ಟೆಂಡರಿನಲ್ಲಿ ವಹಿವಾಟು ಮತ್ತು ಹಿಂದಿನ ಅನುಭವವನ್ನು ಕೇಳಲಾಗುತ್ತದೆ. ಕೇಂದ್ರ ಜಾಗೃತ ಆಯೋಗವು 2002ರಲ್ಲಿ ಸೂಚಿಸಿದ ಮಾದರಿಯಂತೆ, ಹಿಂದಿನ 3 ವರ್ಷಗಳ ಸರಾಸರಿ ವಹಿವಾಟು ಅಂದಾಜು ವೆಚ್ಚದ ಕನಿಷ್ಠ ಶೇಕಡಾ 30 ಇರಬೇಕು. ಜೊತೆಗೆ ಇದೇ ಬಗೆಯ ಮೂರು ಕೆಲಸಗಳನ್ನು ತಲಾ ಶೇಕಡಾ 40, ಅಥವಾ ಎರಡನ್ನು ತಲಾ ಶೇಕಡಾ 50, ಅಥವಾ ಒಂದನ್ನು ಶೇಕಡಾ 80ರ ಮೌಲ್ಯಕ್ಕೆ ಮುಗಿಸಿರಬೇಕು. ರಾಜ್ಯದ ದೊಡ್ಡ ಕಾಮಗಾರಿಗಳ ಮಾದರಿ ದಾಖಲೆಗಳಲ್ಲಿ ಬಿಡ್ ಸಾಮರ್ಥ್ಯದ ಸೂತ್ರವೂ ಉಂಟು. ಐದು ವರ್ಷಗಳಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ವರ್ಷದ ಮೌಲ್ಯವನ್ನು ಹೊಸ ಕೆಲಸದ ಅವಧಿಯಿಂದಲೂ, ದಾಖಲೆಯಲ್ಲಿ ಕೊಟ್ಟ ಗುಣಕದಿಂದಲೂ ಗುಣಿಸಿ, ಕೈಯಲ್ಲಿರುವ ಬಾಕಿ ಕೆಲಸದ ಮೌಲ್ಯವನ್ನು ಕಳೆಯಬೇಕು. ಉತ್ತಮ ವರ್ಷದ ಕೆಲಸ 40 ಲಕ್ಷ, ಅವಧಿ ಅರ್ಧ ವರ್ಷ, ಗುಣಕ 1.5, ಬಾಕಿ ಕೆಲಸ 12 ಲಕ್ಷ ಆದರೆ ಉಳಿಯುವ ಸಾಮರ್ಥ್ಯ 18 ಲಕ್ಷ. 20 ಲಕ್ಷದ ಕೆಲಸಕ್ಕೆ ಅವರು ಅನರ್ಹರು.

ತಗಡಿನ ಮಾರಾಟದಿಂದ ಕೋಟಿ ರೂಪಾಯಿ ವಹಿವಾಟು ಮಾಡಿದವರು ಅದನ್ನು ಚಾವಣಿ ಕಾಮಗಾರಿಯ ಅನುಭವವೆಂದು ತೋರಿಸಲಾಗದು. ಪುಸ್ತಕಗಳಲ್ಲಿ ಮಾರಾಟ ಮತ್ತು ಕಾಮಗಾರಿಯ ಆದಾಯವನ್ನು ಆರಂಭದಿಂದಲೇ ಬೇರೆ ಬೇರೆ ಖಾತೆಗಳಲ್ಲಿ ಬರೆದಿದ್ದರೆ ಲೆಕ್ಕಪರಿಶೋಧಕರು ಪ್ರಮಾಣಪತ್ರ ಕೊಡುವುದು ಸುಲಭ. 2019ರ ಫೆಬ್ರವರಿಯಿಂದ ಅಂತಹ ಪ್ರತಿ ಪ್ರಮಾಣಪತ್ರಕ್ಕೂ ಯು.ಡಿ.ಐ.ಎನ್. ಸಂಖ್ಯೆ ಕಡ್ಡಾಯ, ಟೆಂಡರ್ ಅಧಿಕಾರಿಯು ಅದನ್ನು ಅಂತರಜಾಲದಲ್ಲಿ ಪರಿಶೀಲಿಸಬಲ್ಲರು.

ಬಿಲ್ಲು ಬರೆದ ಮೇಲೆ

ಸರ್ಕಾರಿ ಕಾಮಗಾರಿಗೆ ಹಿಂದೆ ಇದ್ದ ಶೇಕಡಾ 12ರ ಜಿ.ಎಸ್.ಟಿ. ದರವು 2022ರ ಜುಲೈ 18ರಿಂದ ಶೇಕಡಾ 18 ಆಯಿತು. ಉಕ್ಕಿನ ತಗಡಿಗೂ ಶೇಕಡಾ 18. ದರದ ಮಟ್ಟಿಗೆ ಎರಡೂ ಸಮ, ಕಡಿತಗಳಲ್ಲಿ ಸಮವಲ್ಲ. ಮಾಲೀಕತ್ವದ ಸಂಸ್ಥೆಯೊಂದು 20 ಲಕ್ಷ ರೂಪಾಯಿಯ ಚಾವಣಿ ಕಾಮಗಾರಿ ಮುಗಿಸಿದೆ ಎಂದುಕೊಳ್ಳೋಣ. ತೆರಿಗೆ 3,60,000 ಸೇರಿ ಬಿಲ್ಲು 23,60,000 ರೂಪಾಯಿ. ಗುತ್ತಿಗೆಯ ಆದಾಯ ತೆರಿಗೆ ಶೇಕಡಾ 1ರಂತೆ 20,000, ಜಿ.ಎಸ್.ಟಿ. ಮೂಲ ಕಡಿತ ಶೇಕಡಾ 2ರಂತೆ 40,000, ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇಕಡಾ 1ರಂತೆ 20,000, ಭದ್ರತಾ ಠೇವಣಿಗೆ ಶೇಕಡಾ 5 ಎಂದಿದ್ದರೆ 1,00,000 ಹೀಗೆ 1,80,000 ರೂಪಾಯಿ ಕಡಿತವಾಗಿ 21,80,000 ಕೈಸೇರುತ್ತದೆ. ಇದರಲ್ಲಿ ಸೆಸ್ ಒಂದೇ ನಿಜವಾದ ವೆಚ್ಚ; ಉಳಿದುದು ಹಿಂದಿರುಗಬೇಕಾದ ಅಥವಾ ಹೊಂದಾಣಿಕೆಯಾಗುವ ಹಣ. ಬರಿಯ ತಗಡಿನ ಮಾರಾಟವಾಗಿದ್ದರೆ ಗುತ್ತಿಗೆಯ ಆದಾಯ ತೆರಿಗೆ ಕಡಿತವೂ ಸೆಸ್ಸೂ ಬರುತ್ತಿರಲಿಲ್ಲ. ಜಿ.ಎಸ್.ಟಿ. ಕಡಿತ ಮಾತ್ರ, ಒಪ್ಪಂದದ ಮೌಲ್ಯ 2.5 ಲಕ್ಷ ಮೀರಿದರೆ, ಎರಡಕ್ಕೂ ಉಂಟು. ಆ ಮೊತ್ತವು ವರ್ತಕರ ಖಾತೆಗೆ ಜಮೆಯಾಗಬೇಕಾದರೆ ಪೋರ್ಟಲ್‌ನಲ್ಲಿ ಕಡಿತದ ವಿವರವನ್ನು ಅವರೇ ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದೆ ವರ್ಷಗಟ್ಟಲೆ ಬಿಟ್ಟವರಿದ್ದಾರೆ.

ಸರ್ಕಾರದ ಹಣ ಬರುವ ತನಕ ತೆರಿಗೆ ಕಾಯುವುದಿಲ್ಲ. ಮೂರು ತಿಂಗಳೊಳಗೆ ಮುಗಿಯುವ ಕೆಲಸಕ್ಕೆ ಸಾಮಾನ್ಯವಾಗಿ ಪೂರ್ಣಗೊಂಡ 30 ದಿನಗಳಲ್ಲಿ ಬಿಲ್ಲು ಬರೆಯಬೇಕು. ಮುಂದಿನ ತಿಂಗಳ 20ರೊಳಗೆ ತೆರಿಗೆ ಕಟ್ಟಬೇಕು. ಮೇಲಿನ ಉದಾಹರಣೆಯಲ್ಲಿ 13 ಲಕ್ಷದ ಸಾಮಗ್ರಿ ಕೊಂಡು 2,34,000 ಹೂಡುವಳಿ ತೆರಿಗೆ ಪಡೆದಿದ್ದರೆ, 1,26,000 ರೂಪಾಯಿಯನ್ನು ಕೈಯಿಂದಲೇ ತುಂಬಬೇಕಾಗುತ್ತದೆ. ಇದಕ್ಕೆ ಸೇರಿದ ಮತ್ತೊಂದು ತೊಡಕು: ತಗಡು ಕೊಟ್ಟ ಸ್ಥಳೀಯ ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕು. 2024-25ನೇ ತೆರಿಗೆ ನಿರ್ಧಾರಣಾ ವರ್ಷದಿಂದ ಬಂದ ನಿಯಮದಂತೆ, ಅವಧಿ ಮೀರಿ ಮಾರ್ಚ್ 31ಕ್ಕೆ ಬಾಕಿ ಉಳಿದ ಮೊತ್ತವನ್ನು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ. ನಗರಸಭೆ ಕೊಡಲಿಲ್ಲ ಎಂಬುದು ಇಲ್ಲಿ ಸಮಜಾಯಿಷಿಯಾಗದು.

ಹಾಗಿದ್ದರೆ ಸರ್ಕಾರಿ ಖರೀದಿದಾರರು ತಡ ಮಾಡಿದಾಗ? ಸರಕು ಮಾರಿದ ನೋಂದಾಯಿತ ಉತ್ಪಾದಕರು 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯಡಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ಕೇಳಿ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಬಹುದು. ಕಾಮಗಾರಿಯ ಗುತ್ತಿಗೆಗೆ ಈ ಕಾಯ್ದೆ ಅನ್ವಯಿಸದೆಂದು ಬಾಂಬೆ ಹೈಕೋರ್ಟ್ ತೀರ್ಪು ನೀಡಿದೆ. ಆದ್ದರಿಂದ ಚಾವಣಿ ಹೊದಿಸಿದವರು ಈ ದಾರಿಯನ್ನೇ ನೆಚ್ಚಿಕೊಳ್ಳುವುದು ಅಪಾಯಕರ. ಕೇಂದ್ರದ ಸಾರ್ವಜನಿಕ ವಲಯದ ಸಂಸ್ಥೆಗಳು ಟ್ರೆಡ್ಸ್ ವೇದಿಕೆಗೆ ಸೇರುವುದು ಕಡ್ಡಾಯವಾಗಿರುವುದರಿಂದ, ಅವು ಒಪ್ಪಿಕೊಂಡ ಬಿಲ್ಲನ್ನು ಅಲ್ಲಿ ವಟಾಯಿಸಿ ಮುಂಚಿತವಾಗಿ ಹಣ ಪಡೆಯುವ ಮಾರ್ಗ ಸಣ್ಣ ಸರಬರಾಜುದಾರರಿಗಿದೆ.

ಬಂಗಾರಪೇಟೆಯ ತಗಡು ವರ್ತಕರಿಗೂ ಕೆ.ಜಿ.ಎಫ್.ನ ಫ್ಯಾಬ್ರಿಕೇಶನ್ ಘಟಕಕ್ಕೂ ಹೊಂದುವ ಒಂದು ಏರ್ಪಾಟೆಂದರೆ, ಯಂತ್ರವುಳ್ಳವರು ಉತ್ಪಾದಕರಾಗಿ ಸರಕಿನ ಟೆಂಡರಿಗೂ, ಹೊದಿಸುವ ತಂಡವುಳ್ಳವರು ಗುತ್ತಿಗೆದಾರರಾಗಿ ಕಾಮಗಾರಿಗೂ ಹೋಗಿ, ಒಬ್ಬರಿಗೊಬ್ಬರು ಲಿಖಿತ ಆದೇಶ ಕೊಟ್ಟು ವ್ಯವಹರಿಸುವುದು. ಒಂದೇ ಮನೆತನದ ಎರಡು ಸಂಸ್ಥೆಗಳಾದರೆ ಅವೆರಡೂ ಒಂದೇ ಟೆಂಡರಿಗೆ ಬಿಡ್ ಹಾಕದಂತೆ ಎಚ್ಚರ ವಹಿಸಬೇಕು. ಅದು ಕೂಟ ರಚನೆಯ ಆರೋಪಕ್ಕೆ ಎಡೆಯಾಗುತ್ತದೆ.

ಬಿಡ್ ಅನ್ಯಾಯವಾಗಿ ತಿರಸ್ಕೃತವಾಯಿತೆಂದು ಅನಿಸಿದರೆ ರಾಜ್ಯ ಕಾಯ್ದೆಯ 16ನೇ ಕಲಮಿನಂತೆ ಟೆಂಡರ್ ಅಂಗೀಕಾರದ ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಕೆಲಸ ದೊರೆತವರು ಭದ್ರತಾ ಠೇವಣಿಯ ದಿನಾಂಕವನ್ನು ಬರೆದಿಟ್ಟುಕೊಳ್ಳತಕ್ಕದ್ದು. ಕೋಲಾರ ಜಿಲ್ಲೆಯಲ್ಲಿ ಜೋರು ಮಳೆ ಸಾಮಾನ್ಯವಾಗಿ ಸೆಪ್ಟೆಂಬರ್ ಮತ್ತು ಅಕ್ಟೋಬರಿನದು, ಕೆ.ಜಿ.ಎಫ್.ನಲ್ಲಿ ಸಯನೈಡ್ ದಿಬ್ಬಗಳಿಂದ ಗಾಳಿಗೆ ಹಾರಿಬಂದ ದೂಳು ಅಷ್ಟರೊಳಗೆ ನೀರಿನ ದೋಣಿಗಳಲ್ಲಿ ತುಂಬಿರುತ್ತದೆ. ಆಗಸ್ಟಿನಲ್ಲಿಯೇ ಇಬ್ಬರು ಆಳುಗಳನ್ನು ಕಳುಹಿಸಿ ದೋಣಿ ತೆಗೆಸಿ, ಸಡಿಲವಾದ ಸ್ಕ್ರೂ ಬಿಗಿಸಿ, ಸಂಬಂಧಿಸಿದ ಎಂಜಿನಿಯರರಿಂದ ಅದಕ್ಕೊಂದು ಸಹಿ ಪಡೆದುಕೊಂಡ ಗುತ್ತಿಗೆದಾರರು ದೋಷ ಹೊಣೆಯ ಅವಧಿ ಮುಗಿದ ಮೇಲೆ ಠೇವಣಿಗಾಗಿ ಬರೆಯುವ ಅರ್ಜಿಗೆ ಆ ಕಾಗದವನ್ನೂ ಲಗತ್ತಿಸಬಹುದು.